ಮೊದಲ ಸಾಲಿನ ಟ್ರಂಪೆಟ್

ನಾನು ಒಂದು ಟ್ರಂಪೆಟ್. ಮೀರತ್‌ನ ಒಂದು ಗಲ್ಲಿಯಲ್ಲಿ ಹಿತ್ತಾಳೆ ತಗಡನ್ನು ಬಡಿದು ಬಗ್ಗಿಸಿ ನನ್ನನ್ನು ಮಾಡಿದರು. ಹುಟ್ಟುತ್ತಲೇ ಇಷ್ಟು ಪೆಟ್ಟು ತಿಂದವನಿಗೆ ಮುಂದೆ ಸುಖವಿರುತ್ತದೆ ಎಂದುಕೊಂಡಿದ್ದೆ. ಎಲ್ಲಿಯ ಸುಖ! ಅರವತ್ತು ವರ್ಷ ಊದಿಸಿಕೊಂಡು ಸಾಕಾಗಿದೆ.

ಹುಬ್ಬಳ್ಳಿಗೆ ನನ್ನನ್ನು ತಂದವರು ರೈಲು ಇಂಜಿನ್ ಡ್ರೈವರ್ ರೆಬೇರೊ ಸಾಹೇಬರು. ಅವರ ಮನೆಯಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳ ಗ್ರಾಮಫೋನ್ ಪ್ಲೇಟುಗಳಿದ್ದವು. ಸ್ವರವನ್ನು ನೇರ ಹಿಡಿಯದೆ, ತುಸು ಕೆಳಕ್ಕೆ ಎಳೆದು, ನೋಯುವಲ್ಲಿಯೇ ನಿಲ್ಲಿಸುವ ಸಂಗೀತ ಅದು. ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಯೋನಾ ಸಂಜೆ ಸಂಜೆ ಬಂದು ಅದನ್ನು ಕಲಿತ. ಸಾಹೇಬರು ಆಸ್ಟ್ರೇಲಿಯಾಕ್ಕೆ ಹೊರಟಾಗ ನನ್ನನ್ನು ಅವನ ಕೈಗಿಟ್ಟರು.

ಯೋನಾ ಕ್ರಮೇಣ ಯೋನಾ ಮಾಸ್ತರರಾದರು. ಒಂದು ಬ್ಯಾಂಡ್ ಕಟ್ಟಿದರು, ಒಡೆಯಿತು. ಇನ್ನೊಂದು ಕಟ್ಟಿದರು, ಅದೂ ಒಡೆಯಿತು. ಮೂರನೆಯದು ಹೇಗೋ ಉಳಿಯಿತು. ಮದುವೆ ಮೆರವಣಿಗೆಯಲ್ಲಿ ಬ್ಲೂಸ್ ಯಾರಿಗೆ ಬೇಕು? ಕುಣಿಯುವವರು ಹೊಡೆಯಲೇ ಬಂದಾರು. ಆದರೆ ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಅಳಿಸುವ ಹಾಡು ಬೇಕಲ್ಲ! ಮಾಸ್ತರರು ಅಲ್ಲಿ ತಮ್ಮ ಬ್ಲೂಸ್ ನುಗ್ಗಿಸಿದರು. ತವರಿನವರೆಲ್ಲ ಗೊಳೋ ಎಂದು ಅತ್ತರು. ಆಮೇಲೆ ಅದಿಲ್ಲದೆ ನಮ್ಮ ಕಡೆ ಒಬ್ಬ ಮದುಮಗಳೂ ಕಾರು ಹತ್ತಲಿಲ್ಲ ಎನ್ನಿ.

ನಮ್ಮ ಬ್ಯಾಂಡಿನಲ್ಲಿ ಒಂದು ಕಟ್ಟಳೆಯಿತ್ತು. ಹಾಡಿನ ಮೊದಲ ಸಾಲನ್ನು ಮಾಸ್ತರರೊಬ್ಬರೇ ಊದಬೇಕು, ಉಳಿದವರೆಲ್ಲ ಆಮೇಲೆ. ಎರಡನೇ ಟ್ರಂಪೆಟ್ಟಿನ ಮಕ್ತುಮಸಾಬ ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಕಾದ. ಮಾಸ್ತರರು ಒಂದು ದಿನವೂ ಆ ಸಾಲನ್ನು ಅವನಿಗೆ ಬಿಟ್ಟುಕೊಡಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಈ ವಿಷಯದಲ್ಲಿ ಮಹಾ ಜಿಪುಣ. ನನಗೇ ನಾಚಿಕೆಯಾಗುತ್ತಿತ್ತು.

ಕೊನೆಗೆ ಅವರ ಮುಂದಿನ ಹಲ್ಲು ಬಿದ್ದವು. ಹಲ್ಲಿನ ಆಸರೆಯಿಲ್ಲದೆ ತುಟಿ ನನ್ನನ್ನು ಒತ್ತಿ ಹಿಡಿಯಲಾರದು. ಮಾಸ್ತರರು ಯಾರಿಗೂ ಹೇಳದೆ, ಕಟ್ಟಿಸಿದ ಹಲ್ಲು ಹಾಕಿಕೊಂಡು ಕೇಶ್ವಾಪುರದ ಒಂದು ಮದುವೆಗೆ ಬಂದರು. ಮದುಮಗಳು ಕಾರಿನ ಬಾಗಿಲು ಹಿಡಿದು ನಿಂತಳು. ಮಾಸ್ತರರು ಊದಿದರು. ಹಲ್ಲಿನ ಸೆಟ್ಟು ಜಾರಿತು. ನನ್ನಿಂದ ಬರೀ ಗಾಳಿ ಬಂತು. ಮತ್ತೆ ಊದಿದರು. ಮತ್ತೆ ಗಾಳಿ. ಯಾರೋ ನಕ್ಕರು. ಮಕ್ತುಮಸಾಬನ ಟ್ರಂಪೆಟ್ ಅವನ ತುಟಿಯ ಹತ್ತಿರವೇ ಇತ್ತು. ಆದರೂ ಅವನು ಊದಲಿಲ್ಲ.

ಮಾಸ್ತರರು ನನ್ನನ್ನೇ ಅವನತ್ತ ಚಾಚಿದರು. “ಹಿಡಿಯೋ. ಸುರು ಮಾಡು.”

“ನಿಮ್ಮ ಮುಂದ ನಾ ಹ್ಯಾಂಗ್ರಿ, ಮಾಸ್ತರ?”

“ಹುಡುಗಿ ನಿಂತಾಳ. ಊದು.”

ಅವನು ಊದಿದ. ನಿಜ ಹೇಳಲೇ? ಮಾಸ್ತರರಿಗಿಂತ ಚೆನ್ನಾಗಿ ಊದಿದ. ಅವರು ಎಳೆಯುತ್ತಿದ್ದ ಸ್ವರವನ್ನು ಅವನು ಇನ್ನೂ ಕೆಳಕ್ಕೆ, ಅವಸರವಿಲ್ಲದೆ ಇಳಿಸಿದ. ನನ್ನೊಳಗೆ ಅಂಥದ್ದೊಂದು ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಮಾಸ್ತರರು ಮೊದಲ ಸಲ ಆ ಹಾಡನ್ನು ಜನರ ನಡುವೆ ನಿಂತು ಕೇಳಿದರು, ಅತ್ತರು. ಕಾರು ಹೋದ ಮೇಲೆ ಅವನ ಹೆಗಲು ಹಿಡಿದು, “ಇಷ್ಟು ವರ್ಷ ನಿನ್ನ ತಡದ ಇಟ್ಟಿದ್ನೆಲ್ಲೋ ಮಕ್ತುಮ್ಯಾ” ಎಂದರು. ನನ್ನನ್ನು ವಾಪಸ್ ಕೇಳಲಿಲ್ಲ.

ಈಗ ನಾನು ಮಕ್ತುಮಸಾಬನ ಮನೆಯ ಗೋಡೆಗೆ ನೇತುಬಿದ್ದಿದ್ದೇನೆ. ಮೈತುಂಬ ನೆಗ್ಗು. ಯಾರೂ ಊದದಿದ್ದರೆ ಸಾಕು ಎನಿಸುತ್ತದೆ. ಆದರೆ ಆ ಮೂವತ್ತು ವರ್ಷ ನೆನಪಾದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಮೊದಲ ಸಾಲು ಕೈಗೆ ಬಂದಾಗ ಅವನಿಗೆ ಐವತ್ತೆಂಟು. ಎರಡೇ ಎರಡು ಮದುವೆ ಸುಗ್ಗಿ ಊದಿದ. ಅಷ್ಟರಲ್ಲಿ ಅವನ ಹಲ್ಲೂ ಅಲುಗತೊಡಗಿದ್ದವು.