ಹಿಡಿಯಿರುವ ಪೆಟ್ಟಿಗೆ

ಮತ್ತೆ ತಪ್ಪಿಹೋಯಿತು ಚಾದರದ ನಾಲ್ಕನೇ ತುದಿ, ಇಬ್ಬರು ಹಿಡಿದು ಮಡಿಸಬೇಕಾದ್ದನ್ನು ಒಬ್ಬಳೇ ಮಡಿಸಿದರೆ ಹೀಗೇ, ಒಂದು ಅಂಚು ಗಲ್ಲದ ಕೆಳಗೆ ಒತ್ತಿ ಹಿಡಿದರೆ ಕುತ್ತಿಗೆ ಸೆಳೆಯುತ್ತದೆ, ಬೆಳಗಿನಿಂದ ಕ್ಲಿನಿಕ್ಕಿನ ಕೌಂಟರಿನಲ್ಲಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಅದೇ ಕುತ್ತಿಗೆ — ಕರೆಯಲೇ ಅವರಿಬ್ಬರಲ್ಲಿ ಒಬ್ಬರನ್ನು, ಬೇಡ, ಬಂದರೆ ನನ್ನನ್ನೇ ತೀರ್ಪು ಕೇಳುತ್ತಾರೆ, ಹಾಲ್‌ನಲ್ಲಿ ಅಪ್ಪ ಮಗಳ ವಾದ ಇನ್ನೂ ಮುಗಿದಿಲ್ಲ, ಕಾಲೇಜಿಗೆ ಅಂತ ಕಂಪ್ಯೂಟರು, ಒಂದೊಂದೇ ಭಾಗ ಆರಿಸಿ ತಂದು ಮನೆಯಲ್ಲೇ ಜೋಡಿಸುತ್ತಾಳಂತೆ. ದೊಡ್ಡ ಕ್ಯಾಬಿನೆಟ್ಟೇ ಇರಲಿ ಪುಟ್ಟಿ, ಒಳಗೆ ಗಾಳಿ ಆಡುತ್ತೆ, ಕಿಟಕಿ ಪಕ್ಕ ಇಟ್ಬಿಟ್ರೆ ಓದು ಮುಗಿಯೋವರೆಗೂ ಅಲ್ಲಾಡೋ ಹಾಗಿಲ್ಲ. ಯಾರು, ಕಂಪ್ಯೂಟರಾ, ನಾನಾ? ಇಬ್ಬರೂ! ನಗುತ್ತಾರೆ ಇವರು, ಅವಳೂ ನಗುತ್ತಾಳೆ, ಅವಳ ನಗು ಸ್ವಲ್ಪ ತಡವಾಗಿ ಬಂತೇ? ಎರಡು ಕಡೆ ಸೀಟು ಸಿಕ್ಕಿದೆ, ಒಂದು ಇಲ್ಲೇ ಬಸ್‌ ಸ್ಟಾಪಿನ ಆಚೆ, ಇನ್ನೊಂದಕ್ಕೆ ರಾತ್ರಿಯಿಡೀ ರೈಲು, ಹಾಸ್ಟೆಲು, ಅವಳು ಹೈಸ್ಕೂಲಿನಿಂದ ಜಪಿಸುತ್ತಿದ್ದ ಕಟ್ಟಡ ವಿನ್ಯಾಸದ ಕೋರ್ಸು ಇರುವುದು ಅಲ್ಲಿ, ಇವರು ಅಂದರು, ಇಲ್ಲೇ ಸೇರು, ಕೇಳಿದ ಕಂಪ್ಯೂಟರು ಕೊಡಿಸ್ತೀನಿ, ಅವಳು ಹ್ಞೂಂ ಅಂದಳು. ಅಷ್ಟು ಬೇಗ ಹ್ಞೂಂ ಅನ್ನುವ ಮಗುವಲ್ಲ ಅದು. ದಿಂಬಿನ ಚೀಲ ಇನ್ನೂ ಒದ್ದೆ, ಹೋಗಲಿ — ಮಗಳು ಹೇಳುತ್ತಿದ್ದಾಳೆ, ಮದರ್‌ಬೋರ್ಡಲ್ಲೇ ವೈಫೈ ಇರ್ಬೇಕಪ್ಪ. ಯಾಕೇ, ವೈಫೈ ಡಬ್ಬಿ ಮೇಜಿನ ಮೇಲೇ ಇದ್ಯಲ್ಲ, ಒಂದು ವೈರು ಎಳೆದ್ರಾಯ್ತು. ಇರ್ಲಿ ಅಪ್ಪ. ಅತಿ ಚಿಕ್ಕ ಬೋರ್ಡು, ಚಿಕ್ಕ ಮಾನಿಟರು, ದೊಡ್ಡದಕ್ಕೆ ಇವರು ತಾವಾಗಿ ದುಡ್ಡು ಕೊಡುತ್ತೇನೆಂದರೂ ಬೇಡ, ಎಲ್ಲವೂ ಪುಟ್ಟದೇ ಬೇಕು, ಯಾಕೆ

ಗೊತ್ತು ಯಾಕೆ. ಅಂಗಡಿಯಲ್ಲೇ ಗೊತ್ತಾಯಿತು, ಅಂಗಡಿಯವ ಕೆಳಗಿಳಿಸಿಕೊಟ್ಟ ಆ ಪುಟ್ಟ ಖಾಲಿ ಕ್ಯಾಬಿನೆಟ್ ಪೆಟ್ಟಿಗೆ, ಮೇಲೆ ಚರ್ಮದ ಹಿಡಿ, ಅದನ್ನು ಹಿಡಿದು ಅವಳು ಗಾಜಿನ ಬಾಗಿಲವರೆಗೂ ನಡೆದಳು, ಕೈ ಬದಲಾಯಿಸಿದಳು, ಏನಮ್ಮಾ ತರಕಾರಿಗೆ ಹೊರಟ್ಯಾ ಅಂತ ಅಂಗಡಿಯವ, ತೂಕ ನೋಡ್ತಿದೀನಿ ಅಂಕಲ್ ಅಂತ ಅವಳು, ಇವರು ಅಷ್ಟು ಹೊತ್ತೂ ಫ್ಯಾನುಗಳನ್ನು ನೋಡುತ್ತಿದ್ದರು. ಒಳ್ಳೆಯವರು, ಪಾಪ, ಪ್ರೀತಿ ಬಂದರೆ ಭಾರದ ಸಾಮಾನು ತರುತ್ತಾರೆ ಅಷ್ಟೇ, ನನಗೆ ಕ್ಲಿನಿಕ್ಕಿನ ಬೇರೆ ಊರಿನ ಶಾಖೆಗೆ ಬಡ್ತಿ ಬಂದ ವಾರ ಆಳೆತ್ತರದ ಫ್ರಿಜ್ಜು ತಂದು ನಿಲ್ಲಿಸಿದರು, ಇನ್ನು ಇದನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತೀಯೇ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕು ಅದರೊಳಗೆ ಹಾಲು ಇಟ್ಟೆ, ಮರುದಿನ ಆ ಕೆಲಸಕ್ಕೆ ಬರುವುದಿಲ್ಲ ಎಂದು ಬರೆದುಕೊಟ್ಟೆ — ಕಾಲು ನೋಯುತ್ತಿದೆ, ಕೂತರೆ ಏಳಲಾರೆ. ಇವಳು ಹೋದರೆ ಈ ಮನೆಯಲ್ಲಿ ಮಾತು ಎಲ್ಲಿಂದ, ಇವರು ಪೇಪರು ಹಿಡಿದು ಕೂತುಬಿಡುತ್ತಾರೆ, ನಾನು ಯಾರ ತಲೆ ಬಾಚಲಿ, ಇಲ್ಲೇ ಇದ್ದರೆ ಏನು ಕಡಿಮೆ, ದೊಡ್ಡದೇ ಇರಲಿ ಅಂದುಬಿಟ್ಟರೆ ಮುಗಿಯಿತು, ನನ್ನ ಮಾತು ಅವಳು ಮೀರುವುದಿಲ್ಲ, ಅದೇ ಕಷ್ಟ. ಏನೇ, ನೀನಾದ್ರೂ ಹೇಳು, ದೊಡ್ಡದೋ ಚಿಕ್ಕದೋ? ಬಾಗಿಲಲ್ಲಿ ಇಬ್ಬರೂ ನಿಂತಿದ್ದಾರೆ, ಅವಳು ನನ್ನ ಮುಖ ನೋಡುತ್ತಿಲ್ಲ, ಉಗುರು ಕಚ್ಚುತ್ತಿದ್ದಾಳೆ. ಚಿಕ್ಕದು, ಅಂದೆ, ದೊಡ್ಡದು ತಂದ್ರೆ ಧೂಳು ಒರೆಸೋಳು ನಾನು. ನೋಡಮ್ಮ, ನಿಮ್ಮಮ್ಮನಿಗೆ ಧೂಳಿನದೇ ಚಿಂತೆ, ಇವರು ಸೋತು ನಗುತ್ತಾ ಹೋದರು, ಅವಳು ಇನ್ನೊಂದು ತುದಿ ಹಿಡಿಯಲು ಬಂದಳು, ಆ ದೂರದ ಕಾಲೇಜಿನ ಕಾಗದಕ್ಕೆ ತಾಯಿಯ ರುಜು ಸಾಕು, ಅವಳು ಕೇಳುವ ದಿನ ಹಾಕುತ್ತೇನೆ, ಅಲ್ಲಿಯವರೆಗೆ ನನಗೇನೂ ಗೊತ್ತಿಲ್ಲ — ಚಾದರದ ಆ ಕೊನೆಯಲ್ಲಿ ಅವಳ ಬೆರಳುಗಳು, ಮತ್ತೆ ಆ ಚರ್ಮದ ಹಿಡಿ, ಅದರ ಸುತ್ತ ಬಿಗಿದ ಬೆರಳುಗಳು, ಗಾಜಿನ ಬಾಗಿಲು, ಆ ಬೆರಳುಗಳು