ಸಂಜೆ ರಿಂಗ್ ಕೊಡ್ತೀನಿ

ಎದುರಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಬಿದ್ದ ಸದ್ದು, ಅವನೇ ಇರಬೇಕು, ದಿನಕ್ಕೆ ಇಷ್ಟು ಸಲ ಕೈಜಾರಿಸುವವನು ಅವನೊಬ್ಬನೇ — ಸಂಜೆ ರಿಂಗ್ ಕೊಡ್ತೀನಿ ಅಂದನಲ್ಲ ಬೆಳಿಗ್ಗೆ, ಅಷ್ಟು ಅಂದು ಎಂಜಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿಬಿಟ್ಟನಲ್ಲ ಮೆಕ್ಯಾನಿಕ್ ಮಹಾಶಯ, ಯಾವ ರಿಂಗು ಎಂದು ಕೇಳಲು ಇವಳ ಬಾಯಿಗೇನು ಧಾಡಿಯಾಗಿತ್ತು, ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ನಿಂತು ಯಾವ ಸೈಜು ಯಾವ ಮಾಡೆಲ್ಲು ಎಂದು ಊರವರ ಜೀವ ತಿನ್ನುವವಳು ಅದೊಂದು ಮಾತಿಗೆ ಮಾತ್ರ ತೆಪ್ಪಗೆ ಹ್ಞೂಂ ಅಂದು ಬಂದಳು. ಫೋನಿನ ರಿಂಗೇ? ಅದಕ್ಕೆ ಸಂಜೆಯೇ ಯಾಕೆ, ರಸ್ತೆಯಾಚೆಯಿಂದ ಕೂಗಿದರೆ ಕೇಳುತ್ತದೆ. ಮೊನ್ನೆ ಒಯ್ದ ಪಿಸ್ಟನ್ ರಿಂಗು — ಹೌದು, ಸಡಿಲ ಅಂದಿದ್ದ, ವಾಪಸು ಕೊಡುವುದಿದೆ, ಅಷ್ಟೇ ಕಣೇ ಹುಚ್ಚಿ, ಆದರೆ ಪಿಸ್ಟನ್ ರಿಂಗ್ ಕೊಡುವವನ ಕಿವಿ ಯಾಕೆ ಕೆಂಪಾಗಬೇಕು? ಒಂದು ಪದಕ್ಕೆ ಇಷ್ಟು ದೊಡ್ಡ ಸಂಸಾರ ಯಾಕೆ ಬೇಕಿತ್ತು ಈ ಇಂಗ್ಲಿಷಿಗೆ, ಉಂಗುರ ಎಂದರೆ ಉಂಗುರ, ಮುಗಿಯಿತು, ಅವನು ಹಾಗೆ ಬಾಯಿಬಿಟ್ಟು ಹೇಳಿದ್ದರೆ ಚಿಕ್ಕಮ್ಮನಿಗೆ ಉತ್ತರ ಸಿದ್ಧವಿರುತ್ತಿತ್ತು. ಇವತ್ತು ಮನೆಗೆ ಬಂದ ಕೂಡ್ಲೆ ಹೂಂ ಅನ್ನು ಇಲ್ಲಾ ಉಹೂಂ ಅನ್ನು, ಅಂದಿದ್ದಾಳೆ ಅವಳು, ಆ ಗುಮಾಸ್ತನ ಮನೆಯವ್ರು ಎಷ್ಟು ದಿನ ಅಂತ ಕಾಯ್ತಾರೆ, ಹುಡುಗ ಅಪ್ಪಟ ಬಂಗಾರ. ಇರಬಹುದು, ಆ ಹುಡುಗನ ಕಿವಿ ಹೇಗಿತ್ತು ಎಂದೇ ಇವಳಿಗೆ ನೆನಪಿಲ್ಲ. ಅಕ್ಕಾ, ಪೆಟ್ರೋಲ್ ಪೈಪಿಗೆ ಹಾಕೋ ರಬ್ಬರ್ ರಿಂಗ್ ಇದ್ಯಾ — ಇಲ್ಲೂ ಅದೇ, ಗಿರಾಕಿ ಒಂದನ್ನು ಒಯ್ದ, ಇನ್ನೊಂದು ಕೈಯಲ್ಲೇ ಉಳಿಯಿತು, ಸುಮ್ಮನೆ ಬೆರಳಿಗೆ ಹಾಕಿ ನೋಡಿದರೆ ಎಷ್ಟು ಚೆನ್ನಾಗಿ ಕೂತಿತು, ಈಗ ಗೆಣ್ಣು ದಾಟಿ ಬರುತ್ತಿಲ್ಲ, ಎಳೆದಷ್ಟೂ ಬೆರಳು ಊದುತ್ತಿದೆ.

ಬಂದೇಬಿಟ್ಟ, ಕೌಂಟರಿನ ಮೇಲೆ ಪೊಟ್ಟಣ, ತಗೋ, ಇದು ಸೈಜ್ ಬರ್ಲಿಲ್ಲ. ಪಿಸ್ಟನ್ ರಿಂಗು. ದುಃಖವಾಯಿತು, ಅಳು ಬರುವಷ್ಟು, ಇಡೀ ದಿನ ತನ್ನನ್ನು ಕುಣಿಸಿದ ಆ ಪದದ ಮೇಲೆ ಸಿಟ್ಟೂ ಬಂತು, ಆದರೆ ಇವನು ಯಾಕೆ ಹೋಗುತ್ತಿಲ್ಲ, ಕಣ್ಣು ಇವಳ ಬೆರಳಿಗೆ ಅಂಟಿಕೊಂಡಿದೆ, ಮುಖ ಬಿಳಿಚಿದೆ, ಇದನ್ನ... ಯಾರು ಕೊಟ್ರು? ಯಾರು ಕೊಟ್ರಂತೆ! ಲೋಕದ ಎಂಜಿನ್ನೆಲ್ಲ ಬಿಚ್ಚಿದವನಿಗೆ ರಬ್ಬರ್ ಗೊತ್ತಾಗುವುದಿಲ್ಲವೇ, ನಗು ಬರುತ್ತಿದೆ, ಯಾರೂ ಕೊಟ್ಟಿಲ್ಲ, ನಾನೇ ಹಾಕ್ಕೊಂಡೆ, ಬರ್ತಾ ಇಲ್ಲ. ಗ್ರೀಸಿನ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾನೆ, ಈ ಕೈಯೇ ಸ್ಪ್ಯಾನರ್ ಬೀಳಿಸುವುದು, ಗೆಣ್ಣು ದಾಟಿತು, ಬಂತು, ಕೊಡು ಅಂದರೆ ಕೊಡುವುದಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡ, ಅಳತೆಗೆ ಬೇಕು, ಇವತ್ತೇ ಕೊಡ್ಬೇಕು ಅಂತಿದ್ದೆ, ಚಿನ್ನದಂಗಡಿಯವ್ನು ಸೈಜ್ ಕೇಳಿದ, ತಪ್ಪು ಸೈಜ್ ತಂದ್ರೆ ನೀನು ಬೈತೀಯಲ್ಲ — ಹೂಂ, ಇವನಿಗೆ ಹೂಂ, ಮನೆಯಲ್ಲಿ ಉಹೂಂ, ಚಿಕ್ಕಮ್ಮ ಕೂಗಾಡಲಿ, ಕೂಗಾಡಿದರೆ ಏನು ತೋರಿಸುವುದು, ಏನಿದೆ ತೋರಿಸಲು, ಬೆರಳಿದೆ, ಬೆರಳಿನ ಸುತ್ತ ಗ್ರೀಸಿನ ಕಪ್ಪು ಗೆರೆ, ಪೂರ್ತಿ ಒಂದು ಸುತ್ತು