ಹಾವುಗೆಯ ಗುಬಟು

ಬೆಚ್ಚಗಿದೆ, ನೀರಲ್ಲ, ನೀರು ಈಗಷ್ಟೇ ಬಾವಿಯಿಂದ ಸೇದಿದ್ದು, ತಣ್ಣಗೇ ಇದೆ, ಬೆಚ್ಚಗಿರುವುದು ಸ್ವಾಮಿಗಳ ಬಲಗಾಲು, ಇಡೀ ಕಾಲೂ ಅಲ್ಲ, ಹೆಬ್ಬೆರಳ ಬುಡದ ಗಂಟು ಮಾತ್ರ, ಅಲ್ಲಿ ಕೈ ತಾಗಿತೋ ಇಲ್ಲವೋ ಕಾಲು ಒಳಕ್ಕೆ ಜಗ್ಗಿತು — ಜಗ್ಗಿತೋ, ನನಗೇ ಹಾಗನ್ನಿಸಿತೋ — ಬಾಯಿ ತನ್ನ ಪಾಡಿಗೆ ಓಂ ನಮಃ ಶಿವಾಯ ಅನ್ನುತ್ತಿದೆ, ಕೈ ತನ್ನ ಪಾಡಿಗೆ ಪಾದ ತೊಳೆಯುತ್ತಿದೆ, ಮನಸ್ಸು ಮಾತ್ರ ಹೊಸ್ತಿಲಿಗೆ ಓಡುತ್ತದೆ, ಅಲ್ಲಿ, ಹೊಸ್ತಿಲಾಚೆ, ಅತ್ತೆ ಹಳೇ ಪೇಪರು ಹಾಸಿ ಸಾಕ್ಷಿಗೆ ತಂದಿಟ್ಟಿರುವ ನನ್ನ ಅರಿವೆಯ ಜೋಡು, ಹಳೇ ಕೌದಿ ಕತ್ತರಿಸಿ, ಹತ್ತಿ ತುಂಬಿ ನಾನೇ ಹೊಲಿದದ್ದು, ಬೈಸಿಕೊಂಡ ಮಕ್ಕಳ ಹಾಗೆ ಮೂಲೆಯಲ್ಲಿ ಕೂತಿವೆ, ಇವತ್ತು ಅವುಗಳ ಹಣೆಬರಹ ತೀರ್ಮಾನವಾಗುತ್ತದೆ, ನನ್ನದೂ. ನೀರು ಸಣ್ಣಗೆ ಬಿಡ್ರಿ ಅಂದೆ ಇವರಿಗೆ, ತಂಬಿಗೆ ಹಿಡಿದು ಪಕ್ಕದಲ್ಲಿ ಕೂತಿದ್ದಾರೆ ನನ್ನ ಗಂಡ, ದಾವಣಗೆರೆ ಮಂಡಿಪೇಟೆಯ ಹತ್ತಿ ವ್ಯಾಪಾರಿ ಶಿವಮೂರ್ತಪ್ಪನವರು, ಪೇಟೆಯಲ್ಲಿ ಗಟ್ಟಿ ಬಾಯಿ, ಮನೆಯಲ್ಲಿ ತಾಯಿಯ ಎದುರು ಮೂಗ, ಹೂಂ ಅಂದು ಮತ್ತೆ ದಪ್ಪಗೇ ಬಿಟ್ಟರು. ಬೆನ್ನ ಹಿಂದೆ ಅತ್ತೆ ಸರ್ವಮಂಗಳಮ್ಮ, ತಿರುಗಿ ನೋಡದಿದ್ದರೂ ಗೊತ್ತು, ಕೈ ಮುಗಿದುಕೊಂಡು, ಕೇಳುವ ಮಾತನ್ನು ಬಾಯಲ್ಲೇ ಹಿಡಿದುಕೊಂಡು ನಿಂತಿದ್ದಾರೆ, ಪಾದಪೂಜೆ ಮುಗಿಯಲಿ ಎಂದು ಕಾಯುತ್ತಿದ್ದಾರೆ, ಮುಗಿದ ಕೂಡಲೇ ಕೇಳುತ್ತಾರೆ, ಬುದ್ಧಿ, ಹೆಣ್ಣುಮಗಳು ಮನಿ ಒಳಗ ಕೆರ ಮೆಟ್ಟಬಹುದೇನ್ರಿ, ಸ್ವಾಮಿಗಳು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ, ಹಾಗಂತ ಮಾತಾಗಿದೆ, ನಾನೂ ಒಪ್ಪಿದ್ದೇನೆ, ಒಪ್ಪದೆ ಏನು ಮಾಡಲಿ, ಉಹೂಂ ಅಂದರೆ ಬದುಕಿರುವಷ್ಟು ಕಾಲ ಈ ಕಡಪ ಕಲ್ಲಿನ ಮೇಲೆ ಬರಿಗಾಲಲ್ಲೇ ನಡೆಯಬೇಕು.

ಕಲ್ಲು, ಈ ಕಲ್ಲಿಗೆ ಎಷ್ಟು ಹಿಗ್ಗಿದ್ದೆ ಮದುವೆಯಾಗಿ ಬಂದಾಗ, ಕರೀ ನೆಲ, ಬಗ್ಗಿದರೆ ಮುಖ ಕಾಣುತ್ತಿತ್ತು, ನಮ್ಮ ತವರು ಹರಿಹರದಲ್ಲಿ ಸಗಣಿ ಸಾರಿಸಿದ ನೆಲ, ಸಂಜೆಯಾದರೆ ಹೊಳೆದಂಡೆಯ ಮರಳು, ಹೆಜ್ಜೆ ಇಟ್ಟರೆ ಹಿಮ್ಮಡಿ ಮೆತ್ತಗೆ ಇಳಿಯುತ್ತಿತ್ತು, ಆಚೆ ದಡ ಮುಂಬೈಯವರದು, ಈಚೆ ದಡ ಮೈಸೂರಿನದು ಅಂತಿದ್ದ ಅಪ್ಪ, ಈಗ ಎರಡೂ ದಡ ಒಂದೇ ರಾಜ್ಯವಾಗಿವೆ, ನನ್ನ ಎರಡು ಕಾಲು ಮಾತ್ರ ಒಂದರ ಮಾತು ಒಂದು ಕೇಳುವುದಿಲ್ಲ. ಬೆಳಗ್ಗೆ ಎದ್ದು ನೆಲಕ್ಕಿಡುವ ಮೊದಲ ಹೆಜ್ಜೆ, ಅದನ್ನು ಯಾರಿಗೆ ಹೇಳಲಿ, ಬೆರಳ ಬುಡದೊಳಗೆ ಜಲ್ಲಿ ತುಂಬಿದ ಹಾಗೆ, ಗೋಡೆ ಹಿಡಿದು ಮೆಲ್ಲಕ, ಗುರುಶಾಂತ, ಮೆಲ್ಲಕ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹಿತ್ತಲಿಗೆ ಹೋಗುವುದು, ಅಡುಗೆ ಮುಗಿಯುವ ಹೊತ್ತಿಗೆ ಒಲೆಕಟ್ಟೆ ಹಿಡಿದು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಲ್ಲುವುದು, ನೋಡಲಾರದೆ ಅಣ್ಣ ಅಜ್ಜಪ್ಪ ಹರಿಹರದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಡಾಕ್ಟರು ಬೆರಳು ಬೆರಳು ಒತ್ತಿ ನೋಡಿ, ಸಂಧಿವಾತ ಇದು, ಮಾತ್ರೆ ಕೊಡ್ತೀನಿ, ಅದಕ್ಕಿಂತ ಮುಖ್ಯ, ಹಾಸಿಗೆಯಿಂದ ಇಳಿದಾಗಿನಿಂದ ಮಲಗೋವರೆಗೂ ಕಾಲಿಗೆ ಮೆತ್ತನೆಯದು ಏನಾದರೂ ಇರಬೇಕು, ಬರಿಗಾಲಲ್ಲಿ ಕಲ್ಲು ತುಳೀಬೇಡಿ, ಬೆರಳಿಗೆ ಅಗಲ ಇರಲಿ, ಅಂಗಾಲಿಗೆ ಆಸರೆ ಇರಲಿ, ಅಂದರು, ಮನೆ ಒಳಗೂ ಹಾಕ್ಕೋಬೇಕೇನ್ರಿ ಅಂದೆ, ನೀವು ಇಡೀ ದಿನ ಇರೋದು ಮನೆಯೊಳಗೇ ಅಲ್ವೇನಮ್ಮ ಎಂದು ನಕ್ಕರು, ನಾನು ನಗಲಿಲ್ಲ, ಅವರಿಗೆ ನನ್ನ ಅತ್ತೆ ಗೊತ್ತಿಲ್ಲ.

ಮೆತ್ತನೆಯದು ಏನಾದರೂ ಅಂತೆ, ದಾವಣಗೆರೆ ಪೇಟೆಯಲ್ಲಿ ಹುಡುಕಿ ನೋಡಲಿ ಆ ಡಾಕ್ಟರು, ಒಬ್ಬ ಅಂಗಡಿಯವನು ಕ್ಯಾನ್ವಾಸ್ ಬೂಟು ತೆಗೆದ, ಗಂಟು ಒಳಗೇ ಹೋಗಲಿಲ್ಲ, ಇನ್ನೊಬ್ಬ ಪಟ್ಟಿ ಚಪ್ಪಲಿ ಮೆಟ್ಟಿಸಿ ನಾಕು ದಿನ ಹಾಕ್ಕಳ್ರಿ ಅಮ್ಮಾರ, ತಾನಾ ಹದಕ್ಕೆ ಬರ್ತೈತೆ ಅಂದ, ಹದಕ್ಕೆ ಬರಬೇಕಾದ್ದು ಚಪ್ಪಲಿಯೋ ನನ್ನ ಕಾಲೋ, ಪಾಪ, ಜೋಡು ಹೊಲಿಯುವ ಗುತ್ತೆಪ್ಪ ಚಪ್ಪಲಿಯ ಅಟ್ಟೆಗೆ ಹರಳೆಣ್ಣೆ ಕುಡಿಸಿ ಕುಡಿಸಿ ಮೆತ್ತಗೆ ಮಾಡಿಕೊಟ್ಟ, ಅದು ನಿಜಕ್ಕೂ ಹಿತವಾಗಿತ್ತು, ಆದರೆ ಚರ್ಮ, ಹೊಸ್ತಿಲು ದಾಟಿಸುವ ಹಾಗಿಲ್ಲ, ಬೀದಿಗೆ ನಾನು ಹೋಗುವುದಾದರೂ ಎಷ್ಟು, ಬಂಧುಬಳಗದ ಮನೆ, ಗುಡಿ, ಅಷ್ಟೇ. ಕಡೆಗೆ ನಾನೇ ಸೂಜಿ ಹಿಡಿದೆ. ಮೊದಲನೆಯದಕ್ಕೆ ಬರೀ ಹತ್ತಿ ತುಂಬಿದೆ, ವಾರದೊಳಗೆ ದೋಸೆಯಾಯಿತು, ಹತ್ತಿ ವ್ಯಾಪಾರಿಯ ಹೆಂಡತಿಗೆ ಹತ್ತಿಯ ಗುಣ ಗೊತ್ತಿಲ್ಲ, ಎರಡನೆಯದು ಜಾರಿ ಒಲೆ ಮುಂದೆ ಬೀಳುವುದರಲ್ಲಿದ್ದೆ, ಆಮೇಲೆ ಅಮ್ಮ ಕೊಟ್ಟ ಕೌದಿಯನ್ನೇ ಕತ್ತರಿಸಿದೆ, ಅಮ್ಮ ಬೈದುಕೊಳ್ಳಲಿ, ಪದರದ ಮೇಲೆ ಪದರ ಇಟ್ಟು ಒತ್ತೊತ್ತಾಗಿ ಹೊಲಿದೆ, ಅಂಗಾಲಿನ ಗುಳಿಗೆ ಮಾತ್ರ ಹತ್ತಿ, ತಳಕ್ಕೆ ಗೋಣಿತಟ್ಟು, ಹಿಂದೆ ಹಿಮ್ಮಡಿಗೆ ಪಟ್ಟಿ, ಗಂಟು ಬರುವ ಕಡೆ ಬಟ್ಟೆ ಹಾಕದೆ ತೆರೆದೇ ಬಿಟ್ಟೆ, ಕಾಲಿಟ್ಟೆ, ಎದ್ದು ನಿಂತೆ, ಅಡುಗೆಮನೆಯ ಆ ಗೋಡೆಯಿಂದ ಈ ಗೋಡೆಗೆ ನಡೆದೆ, ಅಳು ಬಂದುಬಿಟ್ಟಿತು, ನೋವಿಗಲ್ಲ, ನೋವು ಇಲ್ಲದ್ದಕ್ಕೆ.

ಸದ್ದೂ ಇರಲಿಲ್ಲ ಅವಕ್ಕೆ, ಅದೇ ಮುಳುವಾಯಿತು, ಅತ್ತೆಗೆ ಕಣ್ಣು ಮಂಜು, ಕಿವಿ ಚುರುಕು, ಸೊಸೆಯ ಹೆಜ್ಜೆ ಯಾಕ ಕೇಳ್ತಿಲ್ಲ ಎಂದು ಹುಡುಕಿಕೊಂಡು ಬಂದರು, ಇದೇನಿದು ಗುರುಶಾಂತ ಕಾಲಾಗ, ಅರಿವೆ ಐತ್ರಿ ಅತ್ತೆ, ಚರ್ಮ ಅಲ್ಲ, ಕೌದಿ, ಅಂದೆ, ಕೌದಿ ಹೊದ್ಕಳಾದು, ಕಾಲಿಗೆ ಮೆಟ್ಟಿದ ಮ್ಯಾಲೆ ಅದು ಕೆರನ, ಲಿಂಗಕ್ಕೆ ಎಡೆ ಮಾಡೋ ಒಲಿ ಮುಂದ ಕೆರ ಮೆಟ್ಟಿ ನಿಂತೀಯಲ್ಲ, ಡಾಕ್ಟ್ರು ಹೇಳ್ಯಾರ ಅತ್ತೆ, ಡಾಕ್ಟ್ರು ಹೇಳಿದ್ದು ಆಸ್ಪತ್ರಿಗೆ, ಇದು ಮನಿ. ಅವತ್ತಿನಿಂದ ಅತ್ತೆ ನನ್ನ ಕೈಯ ಅಡುಗೆ ಮುಟ್ಟಿಲ್ಲ, ಹಾಲು, ಬಾಳೆಹಣ್ಣು, ಅಷ್ಟರಲ್ಲೇ ಇದ್ದಾರೆ, ಹಟಕ್ಕೆ ಕೂತರೆ ಅತ್ತೆ ಅತ್ತೆಯೇ, ಕೆನ್ನೆ ಒಳಗೆ ಹೋಗಿದೆ, ನೋಡಿದರೆ ಸಿಟ್ಟೂ ಬರುತ್ತದೆ, ಕರುಳೂ ಚುರ್ ಅನ್ನುತ್ತದೆ, ಕೆಟ್ಟವರೇನಲ್ಲ, ಬಾಣಂತನದಲ್ಲಿ ನನ್ನ ಇದೇ ಕಾಲಿಗೆ ಎಣ್ಣೆ ಹಚ್ಚಿ ನೀವಿದವರು, ಮನೆಯವರನ್ನು ಕೇಳಿದರೆ ನೀವಿಬ್ರು ಏನಾರ ಮಾಡ್ಕಳ್ರಿ ಎಂದು ರುಮಾಲು ಸುತ್ತಿಕೊಂಡು ಮಂಡಿಗೆ ಹೋಗಿಬಿಟ್ಟರು, ಅಷ್ಟರಲ್ಲಿ ಮಠದಿಂದ ಸುದ್ದಿ ಬಂತು, ಸ್ವಾಮಿಗಳು ಊರಿಗೆ ಬರುತ್ತಾರೆ, ನಮ್ಮ ಮನೆಯಲ್ಲಿ ಪಾದಪೂಜೆ, ಸರಿ ಬಿಡು, ಬುದ್ಧಿಯೋರನ್ನೇ ಕೇಳಾನ, ಅಂದರು ಅತ್ತೆ, ಕೇಳ್ರಿ, ಅಂದೆ ನಾನು. ಆ ಒಂದು ಮಾತಿಗೆ ಈಗ ಸಿಕ್ಕಿಕೊಂಡಿದ್ದೇನೆ.

ಎಡಗಾಲು ತೊಳೆದೆ, ಅದರಲ್ಲೂ ಗಂಟು ಇದೆ, ಬಲಗಾಲಿನಷ್ಟಲ್ಲ, ಮತ್ತೆ ಬಲಗಾಲಿಗೆ ಬಂದೆ, ಈಗ ನೋಡಿಕೊಂಡೇ ಮುಟ್ಟುತ್ತೇನೆ, ಕೆಂಪು, ಮಿರಿಮಿರಿ, ಚರ್ಮ ಬಿಗಿದಿದೆ, ಪಕ್ಕದ ಬೆರಳು ವಾಲಿ ಹೆಬ್ಬೆರಳ ಮೇಲೆ ಒರಗಿಕೊಂಡಿದೆ, ಅಯ್ಯೋ ಶಿವನೇ, ಇದು ನನ್ನ ಕಾಲು, ನನ್ನ ಕಾಲನ್ನು ಕಿತ್ತು ಕಾವಿಯ ಕೆಳಗೆ ಇಟ್ಟಿದ್ದಾರೆ. ಈ ಕಾಲಲ್ಲಿ ಹಾವುಗೆ ಮೆಟ್ಟುತ್ತಾರೆ, ಮರದ ಹಾವುಗೆ, ಪಟ್ಟಿಯಿಲ್ಲ, ಏನಿಲ್ಲ, ಮುಂದೆ ಒಂದು ಗುಬಟು, ಹೆಬ್ಬೆರಳನ್ನೂ ಪಕ್ಕದ್ದನ್ನೂ ಬಿಡಿಸಿ ಆ ಗುಬಟನ್ನು ಬಿಗಿಯಾಗಿ ಕಚ್ಚಿ ಹಿಡಿದರೇ ನಡಿಗೆ, ಈಗ ಅವು ಅಲ್ಲಿ, ಗದ್ದಿಗೆಯ ಪಕ್ಕ, ಗುಬಟು ಮೇಲೆ ಮಾಡಿಕೊಂಡು ಕಾಯುತ್ತಿವೆ, ಬೆಳಗ್ಗೆ ಬಾಗಿಲಿಂದ ಗದ್ದಿಗೆವರೆಗೆ ಟಕ್, ತಡೆದು ತಡೆದು ಮತ್ತೆ ಟಕ್, ಅತ್ತೆ ನನ್ನ ಕಿವಿಯಲ್ಲಿ, ನೋಡು ನಡಿಗೆ ಹೆಂಗೈತೆ, ಆನೆ ಬಂದಂಗ, ಎಂದು ಕಣ್ಣು ತುಂಬಿಕೊಂಡರು, ಆನೆಯಲ್ಲ ಅತ್ತೆ, ಅದು ನಾನು, ಬೆಳಗ್ಗೆ ಎದ್ದು ಹಿತ್ತಲಿಗೆ ಹೋಗುವ ನಾನು, ನನಗೆ ಗೋಡೆಯಾದರೂ ಇದೆ ಹಿಡಿಯಲಿಕ್ಕೆ, ಸ್ವಾಮಿಗಳಿಗೆ ಎರಡೂ ಕಡೆ ಕೈ ಮುಗಿದು ನಿಂತ ಜನ.

ಅಂದಮೇಲೆ ಸ್ವಾಮಿಗಳು ಉಹೂಂ ಅನ್ನಲಾರರು, ಹೇಗೆ ಅಂದಾರು, ಗೊತ್ತಿದ್ದವರು ಹೇಗೆ ಅಂದಾರು, ವಿಭೂತಿ ಹಚ್ಚಿದೆ, ಪತ್ರೆ ಏರಿಸಿದೆ, ಮುಗಿಯಿತು, ಬೆನ್ನ ಹಿಂದೆ ಬಳೆ ಸದ್ದು, ಬಂದರು ಅತ್ತೆ, ಬುದ್ಧಿ, ಒಂದು ಮಾತು ಕೇಳಾದೈತ್ರಿ, ಕೇಳ್ರಿ ತಾಯಿ, ಅಂದರು ಸ್ವಾಮಿಗಳು, ನಮ್ಮ ಸೊಸಿಗೆ ಕಾಲುನೋವಂತೆ, ಅದಕ್ಕ ಮನಿ ಒಳಗ, ಅಡಿಗಿಮನ್ಯಾಗೂ ಕಾಲಿಗೆ ಅದನ್ನ ಮೆಟ್ಟತಾಳ್ರಿ, ಅಲ್ಲಿ ಐತೆ ನೋಡ್ರಿ ಹೊಸ್ತಿಲಾಗ, ಮೆಟ್ಟಬಹುದೋ ಬಾರದೋ ನೀವ ಅಪ್ಪಣೆ ಕೊಡಿಸ್ರಿ. ಎಲ್ಲರ ಕಣ್ಣೂ ಹೊಸ್ತಿಲಿಗೆ ಹೋಯಿತು, ಸ್ವಾಮಿಗಳದೂ. ನನ್ನ ಎರಡು ಕೈಯೊಳಗೆ ಅವರ ಬಲಗಾಲು ಇನ್ನೂ ಹಾಗೇ ಇದೆ, ಹೆಬ್ಬೆಟ್ಟು ಗಂಟಿನ ಮೇಲೆ, ಒತ್ತಿಲ್ಲ, ಸುಮ್ಮನೆ ಇಟ್ಟಿದ್ದೇನೆ, ಒತ್ತಿದರೆ ಏನಾಗುತ್ತದೆ ನನಗೆ ಗೊತ್ತು, ಯಾವ ಕಡೆಯಿಂದ ಎಷ್ಟು ಒತ್ತಿದರೆ ಉಸಿರು ನಿಲ್ಲುತ್ತದೆ ಅನ್ನುವುದೂ ಗೊತ್ತು, ಒಂದು ಸಲ, ಅರಿಯದೆ ಒತ್ತಿದ ಹಾಗೆ, ಚೀರಿದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಆನೆ ಅಂದ ಅತ್ತೆಗೂ, ಸ್ವಾಮಿಗಳು ಈಗ ನನ್ನನ್ನು ನೋಡುತ್ತಿದ್ದಾರೆ, ಹೊಸ್ತಿಲನ್ನಲ್ಲ, ನನ್ನ ಹೆಬ್ಬೆಟ್ಟನ್ನು, ಅವರಿಗೂ ಗೊತ್ತಾಗಿದೆ ನನಗೆ ಗೊತ್ತಾಗಿದೆ ಎಂದು, ಕಾಲು ನನ್ನ ಕೈಯಲ್ಲಿ ಕಲ್ಲಾಯಿತು, ಒತ್ತು ಗುರುಶಾಂತ, ಒತ್ತು, ಇಂಥ ಹೊತ್ತು ಮತ್ತೆ ಬರುವುದಿಲ್ಲ, ಹೆಬ್ಬೆಟ್ಟು ಬಿಗಿಯುತ್ತಿದೆ — ಆಗುವುದಿಲ್ಲ, ನನ್ನಿಂದ ಆಗುವುದಿಲ್ಲ, ಆ ನೋವು ಹೇಗಿರುತ್ತದೆ ಅಂತ ಗೊತ್ತಿರದಿದ್ದರೆ ಒತ್ತುತ್ತಿದ್ದೆನೇನೋ. ಹೆಬ್ಬೆಟ್ಟು ತೆಗೆದೆ. ಸ್ವಾಮಿಗಳು ಉಸಿರು ಬಿಟ್ಟರು, ಕಣ್ಣು ಮುಚ್ಚಿದರು, ತೆರೆದರು, ಲಿಂಗಪೂಜೆ ನಡಿಯೋ ಮನೆ ಇದು ತಾಯಿ, ಒಳಗೆ ಬ್ಯಾಡ, ದೇಹ ಅಂದ ಮ್ಯಾಲೆ ನೋವು ಇದ್ದದ್ದೇ, ತಡ್ಕೋಬೇಕು, ಶಿವ ನೋಡ್ತಾನೆ, ಅಂದರು.

ಬ್ಯಾಡ ಅಂದರು, ಬ್ಯಾಡ, ಕಿವಿಯಲ್ಲಿ ಅದೊಂದೇ, ಅತ್ತೆ ಹಿಂದೆ ಶಿವಶಿವಾ ಅಂದದ್ದು ಕೇಳಿತು, ಗೆದ್ದ ದನಿಯಲ್ಲ, ಹಸಿವು ಮುಗಿದ ದನಿ, ಇವತ್ತು ನನ್ನ ಕೈಯಲ್ಲಿ ಉಣ್ಣುತ್ತಾರೆ, ಇವರು ತಂಬಿಗೆ ಕೆಳಗಿಟ್ಟರು, ಒರೆಸು, ಕಾಲು ಒರೆಸು, ಬಿಳಿ ಪಂಚೆಯ ತುದಿಯಿಂದ ಒರೆಸುತ್ತಿದ್ದೇನೆ, ಒತ್ತಬೇಕಿತ್ತು, ಒತ್ತಬೇಕಿತ್ತು, ಗಂಟಿನ ಹತ್ತಿರ ಬಂದಾಗ ಕೈ ಮಾತ್ರ ತಾನಾಗಿ ಹಗುರಾಗುತ್ತದೆ, ಹಾಳು ಕೈ, ನನ್ನ ಮಾತು ಕೇಳುವುದಿಲ್ಲ. ಹಾವುಗೆ ಇಡವ್ವ, ಬುದ್ಧಿಯೋರು ಏಳ್ತಾರೆ, ಅಂದರು ಅತ್ತೆ, ಇಟ್ಟೆ, ಎಡಗಾಲು ಹೇಗೋ ಹೋಯಿತು, ಬಲಗಾಲು ತಂದರು, ಬೆರಳಿಗೆ ಗುಬಟು ಕೊಡಬೇಕಾದ್ದು ಪಾದ ತೊಳೆದವರೇ, ಹಾಗೆ ಪದ್ಧತಿ, ಕೊಟ್ಟೆ, ಹೋಗಲಿಲ್ಲ, ಹೆಬ್ಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡಿದೆ, ಕೂತು ಕೂತು ಬಿಗಿದುಬಿಟ್ಟಿದೆ, ನನಗೂ ಹೀಗೇ, ಕೂತು ಎದ್ದರೆ ಬೆರಳು ಬಿಚ್ಚುವುದಿಲ್ಲ, ಇನ್ನೊಂದು ಸಲ ಕೊಟ್ಟೆ, ಗುಬಟು ಬೆರಳಿಗೆ ತಾಗಿ ಪಕ್ಕಕ್ಕೆ ಹೊರಳಿತು, ಟಕ್ ಎಂದಿತು ಕಲ್ಲಿನ ಮೇಲೆ, ಎಲ್ಲರೂ ಎದ್ದು ನಿಂತಿದ್ದಾರೆ, ಕೈ ಮುಗಿದಿದ್ದಾರೆ, ಯಾಕ ತಡ ಅನ್ನುವ ಹಾಗೆ ನನ್ನ ಗಂಡ ಬಗ್ಗಿ ನೋಡಿದರು, ಒತ್ತಿದರೆ ಹೋಗುತ್ತದೆ, ಈಗ ಯಾರೂ ನನ್ನನ್ನು ತಪ್ಪು ಅನ್ನುವುದಿಲ್ಲ, ಒತ್ತು ಎಂದೇ ಕಾಯುತ್ತಿದ್ದಾರೆ ಎಲ್ಲರೂ, ಬೆರಳು ಬಿಡಿಸಿ ಗುಬಟು ತೂರಿಸಿದರೆ ಆಯಿತು, ತಲೆ ಎತ್ತಿದೆ, ವಿಭೂತಿಯ ಗೆರೆ ಬೆವರಿಗೆ ಒದ್ದೆಯಾಗಿದೆ, ಸ್ವಾಮಿಗಳು ಬಾಗಿದರು, ತುಟಿ ಅಲ್ಲಾಡಿತು, ನನಗೊಬ್ಬಳಿಗೇ ಕೇಳುವ ಹಾಗೆ, ಮೆಲ್ಲಕ, ತಾಯಿ, ಮೆಲ್ಲಕ — ನನ್ನ ಮಾತು, ಗೋಡೆ ಹಿಡಿದು ನಾನು ನನಗೇ ಹೇಳಿಕೊಳ್ಳುವ ಮಾತು, ಯಾರಿಗೂ ಕೇಳಿಸದ ಮಾತು, ಏನಂದ್ರೇ ಗುರುಶಾಂತ, ಬುದ್ಧಿಯೋರು ಏನಂದ್ರು, ಅತ್ತೆ ಹತ್ತಿರ ಬರುತ್ತಿದ್ದಾರೆ, ಏನು ಹೇಳಲಿ, ತಡ್ಕೊಳ್ಳಾಕ ಆಗವಲ್ದಂತೆ ಅತ್ತೆ, ಅನ್ನಲೇ, ಸ್ವಾಮಿಗಳ ಕಣ್ಣು ನನ್ನ ತಲೆಯ ಮೇಲಿಂದ ಹೊಸ್ತಿಲ ಕಡೆಗೆ ಹೋಗಿ ನಿಂತಿದೆ, ಪೇಪರಿನ ಮೇಲಿನ ನನ್ನ ಜೋಡಿನ ಮೇಲೆ, ಅಲ್ಲಿಂದ ಈಚೆ ಬರುತ್ತಿಲ್ಲ, ಹೇಳು, ಯಾಕ ಸುಮ್ನಾದೆ, ಬಾಯಿ ತೆರೆದಿದ್ದೇನೆ, ಬೆರಳು ನನ್ನ ಕೈಯಲ್ಲಿ, ಗುಬಟು ನೆಟ್ಟಗೆ, ಬೆರಳು ಬಿಚ್ಚುತ್ತಿಲ್ಲ, ಗುಬಟು, ಬೆರಳು, ಗುಬಟು